ಫೋನ್ ಸ್ಟ್ಯಾಂಡ್‌ನಲ್ಲಿದೆ, ಗಮನ ಎಲ್ಲಿದೆ? ಲಗೇಜ್ ಗಾಡಿ ಚಾಲಕರ ತಲೆ ಮೇಲೆ ಎರಡೆರಡು ಕೆಲಸ

ತುಮಕೂರು: ಯಶವಂತಪುರದಲ್ಲಿ ಬೆಳಗಿನ ಜಾವ ಲೋಡ್ ಮಾಡಿಕೊಂಡು ಗುಬ್ಬಿ, ಶಿರಾ, ತಿಪಟೂರು, ಮಧುಗಿರಿ ಕಡೆ ಹೊರಡುವ ಲಗೇಜ್ ಗಾಡಿಗಳ ಚಾಲಕರಿಗೆ, ಇಲ್ಲಿ ಅಂಗಡಿಗಳ ಷಟರ್ ಎತ್ತುವ ಹೊತ್ತಿಗೆ ಫೋನ್ ಶುರುವಾಗುತ್ತೆ. ‘ಎಲ್ಲಿದ್ದೀಯಪ್ಪ?’, ‘ನೆಲಮಂಗಲ ದಾಟಿದ್ಯಾ?’, ‘ಎಣ್ಣೆ ಟಿನ್ ಎಷ್ಟು ಹಾಕಿದ್ದಾರೆ, ಬಿಲ್ ಫೋಟೋ ಕಳ್ಸು’. ಒಂದು ಗಾಡಿಯಲ್ಲಿ ಹತ್ತು ಅಂಗಡಿಯ ಮಾಲು ಇದ್ದರೆ ಹತ್ತು ಜನರ ಫೋನ್. ಅದರ ಮೇಲೆ ಗಾಡಿ ಮಾಲೀಕನದ್ದು ಬೇರೆ. ಗಾಡಿ ಹತ್ತು ನಿಮಿಷ ಒಂದೇ ಕಡೆ ನಿಂತರೆ ಜಿಪಿಎಸ್ ನೋಡಿ ಅವರೂ ಫೋನ್ ಮಾಡ್ತಾರೆ. ಆ ಹೊತ್ತಿಗೆ ಗಾಡಿ ಕ್ಯಾತ್ಸಂದ್ರದ ಟೋಲ್ ಹತ್ತಿರವೋ, ಸರ್ವೀಸ್ ರಸ್ತೆಗೆ ಇಳಿಯುವ ತಿರುವಿನಲ್ಲೋ ಇರುತ್ತೆ.

ಈಗ ಹೆಚ್ಚಿನ ಚಾಲಕರು ಫೋನ್ ಕೈಯಲ್ಲಿ ಹಿಡಿಯೋದಿಲ್ಲ. ಡ್ಯಾಶ್‌ಬೋರ್ಡ್ ಮೇಲೆ ಸ್ಟ್ಯಾಂಡ್ ಇದೆ, ಕಿವಿಯಲ್ಲಿ ಬ್ಲೂಟೂತ್ ಇದೆ. ಹಾಗಾಗಿ ‘ನಾವೇನು ಕೈಯಲ್ಲಿ ಹಿಡಿದು ಮಾತಾಡ್ತಿಲ್ಲವಲ್ಲ’ ಅನ್ನೋ ಸಮಾಧಾನ ಚಾಲಕನಿಗೂ ಇದೆ, ಫೋನ್ ಮಾಡುವವರಿಗೂ ಇದೆ. ಈ ಸಮಾಧಾನಕ್ಕೆ ಆಧಾರ ಎಷ್ಟು ಅನ್ನೋದೇ ಪ್ರಶ್ನೆ.

ಕಾನೂನು ನೋಡೋದು ಕೈಯನ್ನು

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಾಗ 184ನೇ ಸೆಕ್ಷನ್‌ನಲ್ಲಿ ಒಂದು ವಿಷಯ ಸ್ಪಷ್ಟವಾಯಿತು. ಗಾಡಿ ಓಡಿಸುವಾಗ ಕೈಯಲ್ಲಿ ಹಿಡಿಯುವ ಸಂವಹನ ಸಾಧನ ಬಳಸೋದು ಅಪಾಯಕಾರಿ ಚಾಲನೆ. ಮೊದಲ ಸಲ ಸಿಕ್ಕಿಬಿದ್ದರೆ 6 ತಿಂಗಳಿಂದ 1 ವರ್ಷದವರೆಗೆ ಜೈಲು, ಅಥವಾ 1,000ದಿಂದ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೂರು ವರ್ಷದೊಳಗೆ ಮತ್ತೆ ಸಿಕ್ಕರೆ ದಂಡ 10,000ಕ್ಕೆ ಏರುತ್ತೆ, ಜೈಲು 2 ವರ್ಷದವರೆಗೂ ಹೋಗಬಹುದು. ಮರುವರ್ಷ, 2020ರ ಅಕ್ಟೋಬರ್ 1ರಿಂದ, ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಇನ್ನೊಂದು ಮಾತು ಸೇರಿತು: ಈ ಸಾಧನವನ್ನು ದಾರಿ ನೋಡೋದಕ್ಕೆ ಮಾತ್ರ ಬಳಸಬಹುದು, ಅದೂ ಚಾಲಕನ ಏಕಾಗ್ರತೆ ಕೆಡದ ಹಾಗೆ.

‘ಏಕಾಗ್ರತೆ ಕೆಡದ ಹಾಗೆ’ ಅನ್ನೋದನ್ನು ಸರ್ಕಲ್‌ನಲ್ಲಿ ನಿಂತ ಪೊಲೀಸರು ಅಳೆಯೋದು ಹೇಗೆ? ಅಳೆಯೋಕೆ ಆಗಲ್ಲ. ಹೆದ್ದಾರಿಯ ಕ್ಯಾಮೆರಾಗೂ ಆಗಲ್ಲ. ಕಣ್ಣಿಗೆ ಬೀಳೋದು ಕಿವಿಗೆ ಒತ್ತಿಹಿಡಿದ ಫೋನ್, ಹೆಲ್ಮೆಟ್ ಒಳಗೆ ಸಿಕ್ಕಿಸಿದ ಫೋನ್. ಹಾಗಾಗಿ ದಂಡ ಬೀಳೋದು ಅದಕ್ಕೇ. ಸ್ಟ್ಯಾಂಡ್‌ಗೆ ಹಾಕಿಕೊಂಡು ಅರ್ಧ ಗಂಟೆ ವ್ಯಾಪಾರದ ಲೆಕ್ಕ ಮಾತಾಡಿದವನಿಗೆ ಏನೂ ಆಗಲ್ಲ.

ಸರ್ಕಾರದ ಅಂಕಿ ಅಂಶದಲ್ಲೂ ಇದೇ ಕಥೆ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಮಂದಿ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಲ್ಲಿ ಇದರಲ್ಲಿ ಶೇ 71ರಷ್ಟು ಸಾವು ಅತಿವೇಗದ ಲೆಕ್ಕಕ್ಕೆ ಹೋಗಿದೆ. ಮೊಬೈಲ್ ಲೆಕ್ಕಕ್ಕೆ ಬಂದಿರೋದು ಶೇ 2ರಷ್ಟು. ಇದನ್ನು ಓದಿ ಮೊಬೈಲ್ ಅಷ್ಟೇನೂ ದೊಡ್ಡ ಸಮಸ್ಯೆ ಅಲ್ಲ ಅಂದುಕೊಂಡರೆ ತಪ್ಪಾಗುತ್ತೆ. ಅಪಘಾತದ ದೂರುಗಳನ್ನು ಒಮ್ಮೆ ಓದಿ ನೋಡಿ. ಬಹುತೇಕ ಎಲ್ಲದರಲ್ಲೂ ‘ಅತಿವೇಗ ಮತ್ತು ಅಜಾಗರೂಕತೆಯಿಂದ’ ಅಂತಲೇ ಇರುತ್ತೆ. ಮೊದಲು ಐಪಿಸಿ 279 ಮತ್ತು 304ಎ, 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 106. ಸೆಕ್ಷನ್ ನಂಬರ್ ಬದಲಾಯಿತು, ವಾಕ್ಯ ಹಾಗೇ ಇದೆ. ಚಾಲಕ ಆ ಕ್ಷಣದಲ್ಲಿ ಏನು ಯೋಚಿಸ್ತಿದ್ದ, ಯಾರ ಜೊತೆ ಮಾತಾಡ್ತಿದ್ದ ಅನ್ನೋದು ಆ ವಾಕ್ಯದೊಳಗೆ ಕಾಣಲ್ಲ. ‘ಫೋನ್‌ನಲ್ಲಿದ್ದೆ ಸಾರ್’ ಅಂತ ತಾನಾಗಿ ಹೇಳಿಕೊಳ್ಳುವ ಚಾಲಕ ಯಾರೂ ಇಲ್ಲ. ಹಾಗಾಗಿ ಆ ಶೇ 2 ಅನ್ನೋದು ಸಿಕ್ಕಿಬಿದ್ದವರ ಲೆಕ್ಕ ಅಂತ ಓದಿಕೊಳ್ಳೋದು ಸರಿ.

ಕೈ ಖಾಲಿ ಇದ್ದರೆ ಸಾಕಾ?

ಸಾಲದು ಅಂತ ವಿಶ್ವ ಆರೋಗ್ಯ ಸಂಸ್ಥೆ ವರ್ಷಗಳಿಂದ ಹೇಳ್ತಾ ಬಂದಿದೆ. ಫೋನ್ ಬಳಸುವ ಚಾಲಕ ಅಪಘಾತಕ್ಕೆ ಸಿಲುಕುವ ಸಾಧ್ಯತೆ ಬಳಸದವನಿಗಿಂತ ಸುಮಾರು 4 ಪಟ್ಟು, ಹ್ಯಾಂಡ್ಸ್‌ಫ್ರೀ ಅದಕ್ಕಿಂತ ಹೆಚ್ಚೇನೂ ಸುರಕ್ಷಿತ ಅಲ್ಲ ಅನ್ನೋದು ಅದರ ಮಾತು.

ಇನ್ನೂ ಬಿಡಿಸಿ ಹೇಳುವ ಅಂಕಿ ಬ್ರಿಟನ್ನಿನ ಸಾರಿಗೆ ಸಂಶೋಧನಾ ಪ್ರಯೋಗಾಲಯ ಟಿಆರ್‌ಎಲ್‌ನದ್ದು. ಎದುರಿಗೆ ಏನೋ ಆದಾಗ ಚಾಲಕ ಪ್ರತಿಕ್ರಿಯಿಸೋದು ಎಷ್ಟು ತಡವಾಗುತ್ತೆ ಅಂತ ಅವರು ಹಲವು ವರ್ಷ ಪರೀಕ್ಷೆ ಮಾಡಿದ್ದಾರೆ. ಅಲ್ಲಿನ ಕಾನೂನಿನ ಮಿತಿಯಷ್ಟು ಕುಡಿದಿದ್ದರೆ ಶೇ 12ರಷ್ಟು ತಡ. ಹ್ಯಾಂಡ್ಸ್‌ಫ್ರೀಯಲ್ಲಿ ಮಾತಾಡ್ತಿದ್ದರೆ ಶೇ 27. ಕೈಯಲ್ಲಿ ಹಿಡಿದು ಮಾತಾಡಿದರೆ ಶೇ 46. 2020ರಲ್ಲಿ ಇದಕ್ಕೆ ಹೊಸ ಅಂಕಿ ಸೇರಿತು: ಕಾರಿನ ಪರದೆಯ ಮೇಲೆ ಆ್ಯಪಲ್ ಕಾರ್‌ಪ್ಲೇಯನ್ನು ಬೆರಳಿನಿಂದ ಒತ್ತಿ ಬಳಸಿದರೆ ಶೇ 57, ಆ್ಯಂಡ್ರಾಯ್ಡ್ ಆಟೋ ಆದರೆ ಶೇ 53. ಬೆರಳು ಬಿಟ್ಟು ಬಾಯಲ್ಲಿ ಹೇಳಿ ಬಳಸಿದರೂ ಶೇ 30ಕ್ಕಿಂತ ಕೆಳಗೆ ಇಳಿಯಲಿಲ್ಲ. ಇಂಗ್ಲೆಂಡಿನಲ್ಲಿ ಮದ್ಯದ ಮಿತಿ 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ, ಇಲ್ಲಿ 30 ಮಾತ್ರ ಅನ್ನೋದನ್ನೂ ನೆನಪಿಡಿ. ಕುಡಿದು ಗಾಡಿ ಓಡಿಸುವವನಿಗೆ ಮಾಲು ಕೊಟ್ಟು ಕಳಿಸಲ್ಲ ಅನ್ನುವ ಅಂಗಡಿಯವರೇ, ಅದೇ ಚಾಲಕನಿಗೆ ದಾರಿಯಲ್ಲಿ ಐದು ಸಲ ಫೋನ್ ಮಾಡ್ತಾರೆ.

ಯಾಕೆ ಹೀಗೆ? ಕಣ್ಣು ರಸ್ತೆ ಮೇಲಿದ್ದರೂ ತಲೆ ಬೇರೆ ಕಡೆ ಇದ್ದರೆ ಕಂಡದ್ದು ಕಂಡ ಹಾಗೆ ಒಳಗೆ ಇಳಿಯಲ್ಲ. ಬಿಲ್ಲಿನ ಲೆಕ್ಕ, ಯಾರಿಗೆ ಎಷ್ಟು ಮೂಟೆ, ಬಾಕಿ ಎಷ್ಟು ಅಂತ ನೆನಪಿಂದ ತೆಗೆದು ಹೇಳೋದು ಮೆದುಳಿಗೆ ಒಂದು ಪೂರಾ ಕೆಲಸ. ಗಾಡಿ ಓಡಿಸೋದೂ ಒಂದು ಪೂರಾ ಕೆಲಸ. ನೇರ ರಸ್ತೆ, ಎದುರಿಗೆ ಯಾರೂ ಇಲ್ಲ ಅಂದಾಗ ಎರಡೂ ಹೇಗೋ ನಡೆದುಬಿಡುತ್ತೆ. ನಡೆದುಬಿಡುತ್ತೆ ಅನ್ನೋದೇ ತೊಂದರೆ, ಯಾಕಂದ್ರೆ ಸಾವಿರ ಸಲ ಏನೂ ಆಗದೇ ಇದ್ದಾಗ ಚಾಲಕನಿಗೆ ಧೈರ್ಯ ಬಂದಿರುತ್ತೆ. ಲೈಟಿಲ್ಲದ ಟ್ರ್ಯಾಕ್ಟರ್ ಎದುರಾದಾಗ, ಡಿವೈಡರ್ ಸಂದಿಯಿಂದ ಬೈಕ್ ನುಗ್ಗಿದಾಗ, ಶಾಲೆ ಬಿಟ್ಟ ಹೊತ್ತಿನಲ್ಲಿ ಮಕ್ಕಳು ರಸ್ತೆ ದಾಟುವಾಗ ತಲೆ ಪೂರ್ತಿ ಬೇಕು. ಆಗ ಅರ್ಧ ತಲೆ ಅಂಗಡಿಯ ಲೆಕ್ಕದಲ್ಲಿರುತ್ತೆ.

ಫೋನ್ ಇಟ್ಟ ಮೇಲೂ ಅದು ತಕ್ಷಣ ವಾಪಸ್ ಬರಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ತಂಡ ಎಎಎ ಪ್ರತಿಷ್ಠಾನಕ್ಕಾಗಿ 2015ರಲ್ಲಿ ಕಾರುಗಳ ಧ್ವನಿ ವ್ಯವಸ್ಥೆಗಳನ್ನು ಪರೀಕ್ಷಿಸಿತ್ತು. ಕೆಲವು ವ್ಯವಸ್ಥೆಗಳಲ್ಲಿ ಬಾಯಲ್ಲಿ ಹೇಳಿ ಕೆಲಸ ಮುಗಿಸಿದ ಮೇಲೂ 27 ಸೆಕೆಂಡ್‌ವರೆಗೆ ಚಾಲಕನ ಗಮನ ಪೂರ್ತಿ ರಸ್ತೆಗೆ ಮರಳಿರಲಿಲ್ಲ. ಗಂಟೆಗೆ 40 ಕಿ.ಮೀ. ವೇಗದಲ್ಲಿ 27 ಸೆಕೆಂಡ್ ಅಂದರೆ 300 ಮೀಟರ್. ಯಾವುದೇ ತಾಲೂಕು ಪೇಟೆಯಲ್ಲಿ ಬಸ್ ಸ್ಟ್ಯಾಂಡಿಂದ 300 ಮೀಟರ್ ಅಂದರೆ ಎಲ್ಲಿಗೆ ಮುಟ್ಟುತ್ತೆ ಅಂತ ಅಂದಾಜು ಮಾಡಿ.

ಕಣ್ಣೇ ರಸ್ತೆ ಬಿಟ್ಟರಂತೂ ಲೆಕ್ಕ ಇನ್ನೂ ಸುಲಭ. 60ರ ವೇಗದಲ್ಲಿ ಸೆಕೆಂಡಿಗೆ ಸುಮಾರು 17 ಮೀಟರ್. ಬಿಲ್ ಫೋಟೋ ಹುಡುಕಿ ವಾಟ್ಸಾಪ್‌ಗೆ ಹಾಕೋಕೆ ಬರೀ 5 ಸೆಕೆಂಡ್ ಅಂತಲೇ ಇಟ್ಟುಕೊಳ್ಳಿ. ಅಷ್ಟರಲ್ಲಿ ಗಾಡಿ 83 ಮೀಟರ್ ಹೋಗಿರುತ್ತೆ. ಏಳು ಕೆಎಸ್‌ಆರ್‌ಟಿಸಿ ಬಸ್ ಒಂದರ ಹಿಂದೊಂದು ನಿಲ್ಲಿಸಿದಷ್ಟು ಉದ್ದ, ಕಣ್ಣು ಮುಚ್ಚಿಕೊಂಡು.

ಪಕ್ಕದಲ್ಲಿ ಕೂತವರ ಮಾತು ಬೇರೆ

ಹಾಗಾದ್ರೆ ಕ್ಲೀನರ್ ಜೊತೆ ಮಾತಾಡೋದೂ ತಪ್ಪಾ ಅಂತ ಕೇಳಬಹುದು. ಇದಕ್ಕೂ ಅದೇ ಯೂಟಾದವರು 2008ರಲ್ಲಿ ಉತ್ತರ ಹುಡುಕಿದ್ದರು. ಸಿಮ್ಯುಲೇಟರ್‌ನಲ್ಲಿ ಚಾಲಕರಿಗೆ ಹೆದ್ದಾರಿಯಲ್ಲಿ ಇಂಥ ಕಡೆ ಹೊರಗೆ ತಿರುಗಬೇಕು ಅಂತ ಹೇಳಿದ್ದರು. ಫೋನ್‌ನಲ್ಲಿ ಮಾತಾಡ್ತಿದ್ದವರಲ್ಲಿ ಅರ್ಧದಷ್ಟು ಜನ ತಿರುವು ತಪ್ಪಿಸಿಕೊಂಡರು. ಪಕ್ಕದಲ್ಲಿ ಕೂತ ಗೆಳೆಯನ ಜೊತೆ ಮಾತಾಡ್ತಿದ್ದವರಲ್ಲಿ ಹೆಚ್ಚಿನವರು ಸರಿಯಾಗಿ ತಿರುಗಿದರು. ಕಾರಣ ಸರಳ. ಪಕ್ಕದಲ್ಲಿರುವವನಿಗೂ ರಸ್ತೆ ಕಾಣುತ್ತೆ. ಲಾರಿ ಅಡ್ಡ ಬಂದರೆ ಅವನೇ ಮಾತು ನಿಲ್ಲಿಸ್ತಾನೆ, ‘ಏ ನೋಡ್ಕೊಂಡು’ ಅಂತಾನೆ. ಗಲ್ಲಾದಲ್ಲಿ ಕೂತು ಫೋನ್ ಮಾಡುವವರಿಗೆ ರಸ್ತೆ ಕಾಣಲ್ಲ. ಚಾಲಕ ಒಂದು ಕ್ಷಣ ಸುಮ್ಮನಾದರೆ ‘ಹಲೋ, ಹಲೋ, ಕೇಳಿಸ್ತಾ’ ಅಂತ ಇನ್ನೂ ಜೋರಾಗಿ ಕೂಗ್ತಾರೆ.

ಹಿಂದೆ ಗಾಡಿಗೊಬ್ಬ ಕ್ಲೀನರ್ ಇರ್ತಿದ್ದ. ಟಾಟಾ ಏಸ್, ಆಪೆಯಂಥ ಸಣ್ಣ ಗಾಡಿ ಬಂದ ಮೇಲೆ, ಬಾಡಿಗೆ ಪೈಪೋಟಿ ಜಾಸ್ತಿ ಆದ ಮೇಲೆ, ಒಬ್ಬನೇ ಚಾಲಕ, ಒಬ್ಬನೇ ಹಮಾಲಿ, ಒಬ್ಬನೇ ಗುಮಾಸ್ತ. ಕ್ಲೀನರ್ ಮಾಡ್ತಿದ್ದ ಕೆಲಸ ಹೋಗಲಿಲ್ಲ, ಫೋನಿನೊಳಗೆ ಸೇರಿಕೊಂಡು ಚಾಲಕನ ತಲೆ ಮೇಲೆ ಬಂತು. ಬೆಂಗಳೂರಿಗೆ ಹೋಗಿ ಆ್ಯಪ್ ಗಾಡಿ ಓಡಿಸುವ ಜಿಲ್ಲೆಯ ಹುಡುಗರ ಪಾಡು ಇದಕ್ಕಿಂತ ಕಷ್ಟ. ಓಡಿಸ್ತಾ ಇರುವಾಗಲೇ ಮುಂದಿನ ಬಾಡಿಗೆ ಪರದೆ ಮೇಲೆ ಬರುತ್ತೆ, ಕೆಲವೇ ಸೆಕೆಂಡಿನಲ್ಲಿ ಒತ್ತಬೇಕು, ಇಲ್ಲಾಂದ್ರೆ ಬೇರೆಯವರ ಪಾಲು. ಗಾಡಿ ಓಡುವಾಗ ಫೋನ್ ಮುಟ್ಟಬೇಡ ಅಂತ ಕಾನೂನು ಹೇಳುತ್ತೆ, ಮುಟ್ಟದಿದ್ದರೆ ದುಡಿಮೆ ಇಲ್ಲ ಅಂತ ಆ್ಯಪ್ ಹೇಳುತ್ತೆ. ರಾಜ್ಯದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಕಾನೂನು ಬಂದಿದೆ. ಕಲ್ಯಾಣ ಮಂಡಳಿ, ಸಾಮಾಜಿಕ ಭದ್ರತೆ ಅದರ ಮುಖ್ಯ ವಿಷಯ. ಓಡುವ ಗಾಡಿಯಲ್ಲಿ ಪರದೆ ಮೇಲೆ ಗಡುವು ಹಾಕಿ ಒತ್ತಿಸೋದು ಸರಿಯಾ ಅನ್ನೋ ಚರ್ಚೆಯನ್ನೂ ಆ ಮಂಡಳಿ ಎತ್ತಿಕೊಳ್ಳಬೇಕು.

ಇಲ್ಲಿ ಒಂದು ವಿರುದ್ಧ ವಾದವನ್ನೂ ಹೇಳಲೇಬೇಕು. ‘ರಾತ್ರಿ ನಿದ್ದೆ ಬರಬಾರದು ಅಂತಲೇ ಮಾತಾಡ್ತೀವಿ’ ಅನ್ನೋದು ಲಾರಿ ಚಾಲಕರ ಹಳೇ ಮಾತು. ಇದು ಬರೀ ನೆಪ ಅಲ್ಲ. ಅಮೆರಿಕದ ವರ್ಜೀನಿಯಾ ಟೆಕ್ ಸಂಸ್ಥೆ ನಿಜವಾದ ಲಾರಿಗಳಲ್ಲಿ ಕ್ಯಾಮೆರಾ ಇಟ್ಟು ನೋಡಿದಾಗ ಎರಡು ಸಂಗತಿ ಸಿಕ್ಕವು. ಓಡಿಸ್ತಾ ಮೆಸೇಜ್ ಟೈಪ್ ಮಾಡುವ ಲಾರಿ ಚಾಲಕನಿಗೆ ಅಪಾಯ 23 ಪಟ್ಟು. ಆದರೆ ಹ್ಯಾಂಡ್ಸ್‌ಫ್ರೀಯಲ್ಲಿ ಬರೀ ಮಾತಾಡ್ತಿದ್ದವರಿಗೆ ಅಪಾಯ ಹೆಚ್ಚಿರಲಿಲ್ಲ, ಬದಲಿಗೆ ಕಡಿಮೆಯೇ ಇತ್ತು. ಪ್ರಯೋಗಾಲಯದವರಿಗೂ ರಸ್ತೆಯಲ್ಲಿ ಅಳೆದವರಿಗೂ ಈ ವಿಷಯದಲ್ಲಿ ಇನ್ನೂ ಒಮ್ಮತ ಇಲ್ಲ.

ಹಾಗಂತ ಆ ಫಲಿತಾಂಶವನ್ನು ಇಲ್ಲಿಗೆ ಎತ್ತಿ ತರೋದು ಕಷ್ಟ. ಅಮೆರಿಕದ ದೂರದ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಒಂದೇ ಲೇನ್. ಎದುರು ದಿಕ್ಕಿನಿಂದ ಬೈಕ್ ಬರಲ್ಲ, ಎಮ್ಮೆ ಮಲಗಿರಲ್ಲ, ರಾಗಿ ಒಕ್ಕಣೆಗೆ ರಸ್ತೆ ಮೇಲೆ ಹುಲ್ಲು ಹರಡಿರಲ್ಲ. ಅಲ್ಲಿನ ಚಾಲಕನ ಶತ್ರು ಬೇಸರ ಮತ್ತು ನಿದ್ದೆ. ಶಿರಾದಿಂದ ಹಿರಿಯೂರು ಕಡೆ ನಡುರಾತ್ರಿ ಹೋಗುವ ಲಾರಿಗೆ ಆ ಮಾತು ಸ್ವಲ್ಪ ಅನ್ವಯಿಸಬಹುದು. ಬೆಳಗ್ಗೆ ಹತ್ತು ಗಂಟೆಗೆ ಪೇಟೆ ಬೀದಿಗೆ ನುಗ್ಗುವ ಲಗೇಜ್ ಆಟೋಗೆ ಅನ್ವಯಿಸಲ್ಲ. ನಿದ್ದೆಗೆ ಮದ್ದು ಗಾಡಿ ನಿಲ್ಲಿಸಿ ಮಲಗೋದು. ಬಾಡಿಗೆ ಕೊಡುವವರು ಅದಕ್ಕೆ ಸಮಯ ಕೊಡ್ತಾರಾ ಅನ್ನೋದು ಆಮೇಲಿನ ಪ್ರಶ್ನೆ.

ಗುಂಡಿ ಹೋಯ್ತು, ಪರದೆ ಬಂತು

ಇದು ಲಗೇಜ್ ಗಾಡಿಯವರದ್ದು ಮಾತ್ರ ಅಂದುಕೊಳ್ಳೋ ಹಾಗಿಲ್ಲ. ಹೊಸ ಕಾರು ತಗೊಂಡವರ ಮುಂದೆ ಈಗ ಹತ್ತಿಂಚಿನ ಪರದೆ ಇರುತ್ತೆ. ಹಳೇ ಕಾರಿಗೂ ಆಕ್ಸೆಸರೀಸ್ ಅಂಗಡಿಯಲ್ಲಿ ಆ್ಯಂಡ್ರಾಯ್ಡ್ ಸ್ಟೀರಿಯೋ ಹಾಕಿಸಬಹುದು, ಯೂಟ್ಯೂಬ್ ಕೂಡ ಬರುತ್ತೆ. ಎಸಿ ಕಡಿಮೆ ಮಾಡೋಕೂ ಪರದೆ ಒತ್ತಬೇಕಾದ ಕಾರುಗಳಿವೆ. ಹಳೇ ಗುಂಡಿ ಆದರೆ ಕೈಗೇ ಗೊತ್ತಿರ್ತಿತ್ತು, ನೋಡದೇ ತಿರುಗಿಸಬಹುದಿತ್ತು. ಪರದೆ ನುಣುಪು, ಎಲ್ಲಿ ಒತ್ತಬೇಕು ಅಂತ ಕಣ್ಣೇ ಹೇಳಬೇಕು.

ಸ್ವೀಡನ್‌ನ ‘ವಿ ಬಿಲೇಗರೆ’ ಅನ್ನೋ ಕಾರು ಪತ್ರಿಕೆ 2022ರಲ್ಲಿ ಇದನ್ನು ಪರೀಕ್ಷಿಸಿತು. ರೇಡಿಯೋ ಬದಲಾಯಿಸೋದು, ಬಿಸಿಗಾಳಿ ಹೆಚ್ಚಿಸೋದು ಅಂಥ ನಾಲ್ಕು ಕೆಲಸ, ಗಂಟೆಗೆ 110 ಕಿ.ಮೀ. ವೇಗದಲ್ಲಿ. 2005ರ ಗುಂಡಿಗಳ ವೋಲ್ವೊ ಕಾರಿನಲ್ಲಿ 10 ಸೆಕೆಂಡಿಗೆ ಮುಗಿಯಿತು, ಅಷ್ಟರಲ್ಲಿ ಕಾರು 306 ಮೀಟರ್ ಓಡಿತ್ತು. ಪರದೆಯ ಹೊಸ ಕಾರುಗಳಲ್ಲಿ ಅತಿ ಹೆಚ್ಚು ಹೊತ್ತು ತಿಂದದ್ದಕ್ಕೆ 44.9 ಸೆಕೆಂಡ್ ಬೇಕಾಯಿತು, ಒಂದೂಕಾಲು ಕಿಲೋಮೀಟರ್‌ಗಿಂತ ಹೆಚ್ಚು ದೂರ. ಅಮೆರಿಕದ ನೌಕಾಪಡೆಗೂ ಇದೇ ಪಾಠ ಆಗಿದೆ. 2017ರಲ್ಲಿ ಸಿಂಗಪುರದ ಹತ್ತಿರ ಅವರ ‘ಜಾನ್ ಎಸ್. ಮೆಕೇನ್’ ಯುದ್ಧನೌಕೆ ಡಿಕ್ಕಿಯಾಗಿ 10 ನಾವಿಕರು ಸತ್ತರು. ತನಿಖೆಯಲ್ಲಿ ಟಚ್‌ಸ್ಕ್ರೀನ್ ನಿಯಂತ್ರಣದ ಗೊಂದಲವೂ ಒಂದು ಕಾರಣ ಅಂತ ಬಂತು. ಆಮೇಲೆ ಅವರು ವೇಗ ನಿಯಂತ್ರಣಕ್ಕೆ ಹಳೇ ಕೈಹಿಡಿಗಳನ್ನೇ ವಾಪಸ್ ತರೋ ತೀರ್ಮಾನ ಮಾಡಿದರು.

ಯುರೋಪಿನಲ್ಲಿ ಕಾರುಗಳಿಗೆ ಸುರಕ್ಷತೆಯ ಸ್ಟಾರ್ ಕೊಡುವ ಯೂರೋ ಎನ್‌ಕ್ಯಾಪ್ 2026ರಿಂದ, ಇಂಡಿಕೇಟರ್, ಹಜಾರ್ಡ್ ಲೈಟ್, ಹಾರ್ನ್, ವೈಪರ್, ತುರ್ತು ಕರೆ ಈ ಐದಕ್ಕೆ ಕೈಗೆ ಸಿಗುವ ಗುಂಡಿ ಅಥವಾ ಕಡ್ಡಿ ಇದ್ದರೆ ಮಾತ್ರ ಪೂರ್ತಿ ಸ್ಟಾರ್ ಅಂತ ಹೇಳಿದೆ. ಇಲ್ಲಿ 2023ರಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಮುಖ್ಯವಾಗಿ ನೋಡೋದು ಡಿಕ್ಕಿ ಆದಾಗ ಒಳಗಿದ್ದವರು ಉಳಿತಾರಾ ಅನ್ನೋದನ್ನು. ಅದೂ ಬೇಕು. ಆದರೆ ಐದು ಸ್ಟಾರ್ ಅಂತ ಶೋರೂಮಿನಲ್ಲಿ ಹೇಳಿದಾಗ ಆ ಸ್ಟಾರ್ ಯಾವುದಕ್ಕೆ ಅನ್ನೋದನ್ನು ತಿಳಿದುಕೊಂಡಿರೋದು ಒಳ್ಳೇದು.

ಗಾಡಿಗಳ ಬೀಪ್ ಶಬ್ದದ್ದೂ ಒಂದು ಕಥೆ. 2019ರ ಜುಲೈನಿಂದ ಹೊಸ ಕಾರುಗಳಲ್ಲಿ 80 ದಾಟಿದರೆ ಎಚ್ಚರಿಕೆ, 120 ದಾಟಿದರೆ ನಿಲ್ಲದ ಶಬ್ದ, ಬೆಲ್ಟ್ ಹಾಕದಿದ್ದರೂ ಶಬ್ದ ಕಡ್ಡಾಯ. ಉದ್ದೇಶ ಒಳ್ಳೇದೇ. ಆದರೆ ಜನ ಮಾಡಿದ್ದೇನು? ಬೆಲ್ಟ್ ಹಾಕದೇ ಶಬ್ದ ನಿಲ್ಲಿಸುವ ಸುಳ್ಳು ಕ್ಲಿಪ್ ತಂದು ಸಿಕ್ಕಿಸಿದರು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರಲ್ಲಿ ಆನ್‌ಲೈನ್ ಮಾರಾಟ ತಾಣಗಳಿಗೆ ಆದೇಶ ಕೊಟ್ಟು ಇಂಥ ಕ್ಲಿಪ್‌ಗಳ 13 ಸಾವಿರಕ್ಕೂ ಹೆಚ್ಚು ಜಾಹೀರಾತು ತೆಗೆಸಿತು. ತಾಲೂಕಿನ ಆಕ್ಸೆಸರೀಸ್ ಅಂಗಡಿಯವರೂ ಇದನ್ನು ಗಮನಿಸಬೇಕು, ಆ ಮಾಲು ಇಟ್ಟಿದ್ದರೆ ವಾಪಸ್ ಕಳಿಸೋದೇ ಸರಿ.

ಮಾಲು ತರಿಸುವವರಿಗೆ ಏನು ಸಂಬಂಧ?

ಗಾಡಿ ಅಂಗಡಿಯದ್ದೇ ಆಗಿದ್ದರೆ ಸಂಬಂಧ ನೇರ. ಕೆಲಸದ ಮೇಲೆ ಹೋದ ಚಾಲಕನ ತಪ್ಪಿಗೆ ಗಾಡಿಯ ಮಾಲೀಕರೂ ಹೊಣೆ ಅನ್ನೋದು ಮೋಟಾರು ಅಪಘಾತ ಪರಿಹಾರ ಪ್ರಕರಣಗಳಲ್ಲಿ ಹಳೇ ತತ್ವ. ವಿಮೆ ಚಾಲ್ತಿಯಲ್ಲಿದ್ದು, ಡಿಎಲ್, ಎಫ್‌ಸಿ, ಪರ್ಮಿಟ್ ಸರಿ ಇದ್ದರೆ ಕಂಪನಿ ಕಟ್ಟುತ್ತೆ. ಒಂದು ತಪ್ಪಿದರೂ ಆ ಹಣ ಮಾಲೀಕರ ತಲೆಗೆ ಬರಬಹುದು. ಬಾಡಿಗೆ ಗಾಡಿ ಆದರೆ ಕಾನೂನಿನ ಹೊಣೆ ಆ ಗಾಡಿಯವರದ್ದು. ಆದರೆ ಆ ಫೋನ್ ಮಾಡಿದ್ದು ಯಾರು ಅನ್ನೋದು ಬೇರೆ ಯಾರಿಗೆ ಗೊತ್ತಾಗದಿದ್ದರೂ ಮಾಡಿದವರಿಗೆ ಗೊತ್ತಿರುತ್ತೆ.

ಇದರಲ್ಲಿ ಚಾಲಕನೊಬ್ಬನ ಮೇಲೆ ತಪ್ಪು ಹೊರಿಸೋದು ಸುಲಭ. ಫೋನ್ ಎತ್ತದಿದ್ದರೆ ‘ಇವನು ಫೋನ್ ಎತ್ತಲ್ಲ, ಮುಂದಿನ ಸಲ ಬೇರೆ ಗಾಡಿ ನೋಡೋಣ’ ಅಂತ ಹೇಳುವವರೂ ಇದೇ ಪೇಟೆಯಲ್ಲಿದ್ದಾರೆ. ಬಾಡಿಗೆ ಕಳ್ಕೊಳ್ಳೋ ಭಯ ಇರುವವನಿಗೆ ದಂಡದ ಭಯ ಎರಡನೇದು. ಹಾಗಾಗಿ ಫೋನ್ ಕಡಿಮೆ ಆಗಬೇಕಾದ್ದು ಮಾಡುವ ಕಡೆಯಿಂದ.

ಮಾಡೋದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಬಿಲ್ ಫೋಟೋ, ಮೂಟೆ ಎಣಿಕೆ ಲೋಡ್ ಆದ ಜಾಗದಲ್ಲೇ, ಗಾಡಿ ಹೊರಡೋ ಮುಂಚೆ ಮುಗಿಸಬಹುದು. ಯಶವಂತಪುರದ ಅಂಗಡಿಯವರಿಗೇ ಫೋನ್ ಮಾಡಿದರೆ ಚಾಲಕನಿಗಿಂತ ಸರಿಯಾದ ಲೆಕ್ಕ ಅವರ ಹತ್ತಿರ ಇರುತ್ತೆ. ಗಾಡಿ ಎಲ್ಲಿದೆ ಅಂತ ಗೊತ್ತಾಗಬೇಕಾದರೆ ಹೊರಡುವಾಗಲೇ ಚಾಲಕ ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ ಹಾಕಿಬಿಟ್ಟರೆ ಎಂಟು ಗಂಟೆವರೆಗೆ ಕೂತಲ್ಲೇ ನೋಡಬಹುದು, ಅವನನ್ನು ಮಾತಾಡಿಸಬೇಕಿಲ್ಲ. ಮ್ಯಾಪ್‌ಗೆ ವಿಳಾಸ ನಿಂತಿರುವಾಗಲೇ ಹಾಕಿಕೊಂಡರೆ ದಾರಿ ಕನ್ನಡದಲ್ಲೇ ಹೇಳುತ್ತೆ, ಪರದೆ ನೋಡೋ ಅಗತ್ಯ ಕಡಿಮೆ. ಅಕಸ್ಮಾತ್ ಫೋನ್ ಮಾಡಲೇಬೇಕಾಯಿತು ಅಂದ್ರೆ ಮೊದಲ ಮಾತು ‘ಓಡಿಸ್ತಿದ್ದೀಯಾ, ನಿಂತಿದ್ದೀಯಾ?’ ಅಂತ ಇರಲಿ, ಓಡಿಸ್ತಿದ್ದರೆ ಇಟ್ಟುಬಿಡಿ.

ಒಂದೇ ಗಾಡಿಯಲ್ಲಿ ಮಾಲು ತರಿಸುವ ಐದಾರು ಅಂಗಡಿಯವರು ಸೇರಿ ಒಬ್ಬರನ್ನು ಗೊತ್ತುಮಾಡಿಕೊಂಡರೆ, ಚಾಲಕ ಊಟಕ್ಕೋ ಟೀಗೋ ನಿಂತಾಗ ಆ ಒಬ್ಬರಿಗೆ ಒಂದು ಫೋನ್ ಮಾಡಿದರೆ ಸಾಕು. ಮಿಕ್ಕವರು ಅವರನ್ನು ಕೇಳಿಕೊಳ್ಳಬಹುದು. ವರ್ತಕರ ಸಂಘ ಇರುವ ಪೇಟೆಗಳಲ್ಲಿ ಇದನ್ನು ಸಂಘದ ಗ್ರೂಪ್‌ನಲ್ಲೇ ತೀರ್ಮಾನ ಮಾಡಬಹುದು, ಜಿಪಿಎಸ್ ನೋಡುವ ಗಾಡಿ ಮಾಲೀಕರನ್ನೂ ಅದಕ್ಕೆ ಸೇರಿಸಿಕೊಂಡು.